ಮೆದುವೂ ಸಡಿಲವೂ ಒಂದಲ್ಲ

ಹಳೆಯ ಪಿಕಪ್ ಟ್ರಕ್ಕುಗಳಿಗೆ ನಿಧಾನವಾಗಿ ಹತ್ತುವ ಒಂದು ಕಾಯಿಲೆ ಇದೆ. ಸ್ಟೀರಿಂಗನ್ನು ಎರಡು ಬೆರಳಗಲ ತಿರುಗಿಸಿದರೂ ಚಕ್ರ ಕದಲುವುದಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದರೆ ಕೆಳಗೆಲ್ಲೋ ‘ಟಕ್’ ಎಂದು ಸದ್ದಾಗುತ್ತದೆ, ಆಮೇಲೆ ಗಾಡಿ ಹೊರಳುತ್ತದೆ. ನೇರ ರಸ್ತೆಯಲ್ಲೂ ಅದು ಅತ್ತಿತ್ತ ಸರಿಯುತ್ತಿರುತ್ತದೆ, ಓಡಿಸುವವರು ಕ್ಷಣಕ್ಷಣಕ್ಕೂ ತಿದ್ದುತ್ತಿರಬೇಕು. ಕಾಯಿಲೆ ದಿನಕ್ಕೆ ಕೂದಲೆಳೆಯಷ್ಟು ಮಾತ್ರ ಬೆಳೆಯುವುದರಿಂದ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಬೇರೆ ಯಾರೋ ಗಾಡಿ ಓಡಿಸಿ ನೋಡಿ ‘ಸ್ಟೀರಿಂಗ್ ಪ್ಲೇ ತುಂಬಾ ಇದೆಯಲ್ಲ’ ಎಂದಾಗಲೇ ಎಷ್ಟೋ ಜನರಿಗೆ ಅದು ಗೊತ್ತಾಗುವುದು.

ಇದಕ್ಕೆ ಕಾರಣಗಳು ಹಲವು. ಈ ಅಧ್ಯಾಯದಲ್ಲಿ ಒಂದನ್ನು ಮಾತ್ರ ಬಿಡಿಸಿ ನೋಡೋಣ. ಅದು ಸ್ಟೀರಿಂಗ್ ರ‍್ಯಾಕನ್ನು ಚಾಸಿಗೆ ಹಿಡಿದಿಡುವ ರಬ್ಬರ್ ಬುಷ್. ಅಂಗೈಯಲ್ಲಿ ಅಡಗುವ ಈ ತುಂಡಿನ ಕೆಲಸ ಅರ್ಥವಾಗಬೇಕಾದರೆ ನ್ಯೂಟನ್ನನ ಮೂರನೆಯ ನಿಯಮ ಬೇಕು, ರಬ್ಬರಿನ ಅಣುಗಳ ಸ್ವಭಾವ ಬೇಕು, ಒಂದು ಬೋಲ್ಟನ್ನು ಬಿಗಿದಾಗ ನಿಜಕ್ಕೂ ಏನಾಗುತ್ತದೆ ಎಂಬ ತಿಳಿವಳಿಕೆಯೂ ಬೇಕು. ಇವೆಲ್ಲ ಕೂಡಿ ಹೇಳುವ ಮಾತು ಒಂದೇ. ಯಂತ್ರದೊಳಗಿನ ಮೆದುತನ ಲೆಕ್ಕ ಹಾಕಿ ಇಟ್ಟ ಗುಣ. ಅದು ಸಡಿಲತನವಾಗಿ ಮಾರ್ಪಟ್ಟ ದಿನ ಆ ಲೆಕ್ಕ ತಪ್ಪುತ್ತದೆ.

ತಳ್ಳುವುದಕ್ಕೆ ನೆಲೆ ಬೇಕು

ಉದಾಹರಣೆಗೆ ಟೊಯೊಟಾ ಟಕೋಮಾ ಪಿಕಪ್ಪಿನ ಮೊದಲ ತಲೆಮಾರನ್ನು ತೆಗೆದುಕೊಳ್ಳೋಣ. ಉತ್ತರ ಅಮೆರಿಕದಲ್ಲಿ ಹೈಲಕ್ಸ್ ವಂಶದ ಪಿಕಪ್ಪಿನ ಜಾಗಕ್ಕೆ 1995ರಲ್ಲಿ ಬಂದ ಈ ಗಾಡಿ 2004ರ ಮಾದರಿಯವರೆಗೂ ನಡೆಯಿತು. ಇದನ್ನು ಹೆಚ್ಚಾಗಿ ಜೋಡಿಸುತ್ತಿದ್ದುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ. ಇಂದು ಅಲ್ಲಿ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಹೈಲಕ್ಸ್ ಎಂಬ ಹೆಸರು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಗೆ ಬಂದದ್ದು 2022ರಲ್ಲಿ. ಹಳೆಯ ಟಕೋಮಾಗಳು ಅಮೆರಿಕದ ರಸ್ತೆಗಳಲ್ಲಿ ಇವತ್ತಿಗೂ ಓಡುತ್ತಿವೆ. ಎಂಜಿನ್ ಗಟ್ಟಿಮುಟ್ಟಾಗಿರುವುದರಿಂದ ಅವು ಬಾಳುತ್ತವೆ. ಬಾಳುವ ಗಾಡಿಯಲ್ಲಿ ಮೊದಲು ಮುಪ್ಪಾಗುವುದು ರಬ್ಬರು.

ಟಕೋಮಾಕ್ಕಿಂತ ಹಿಂದಿನ ಟೊಯೊಟಾ ಪಿಕಪ್ಪುಗಳಲ್ಲಿ ಉಕ್ಕಿನ ಗುಂಡುಗಳು ಉರುಳುವ ಸ್ಟೀರಿಂಗ್ ಬಾಕ್ಸ್ ಇತ್ತು. ಟಕೋಮಾದಲ್ಲಿ ರ‍್ಯಾಕ್ ಮತ್ತು ಪಿನಿಯನ್ ಬಂತು, ನಮ್ಮ ಮಾರುತಿ 800ರಲ್ಲಿ ಇದ್ದ ತತ್ವವೇ. ಸ್ಟೀರಿಂಗ್ ಕಂಬದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡಂತೆ ಹಲ್ಲು ಕೊರೆದ ಉದ್ದನೆಯ ಉಕ್ಕಿನ ಸಲಾಕೆ. ಆ ಸಲಾಕೆಯೇ ರ‍್ಯಾಕ್. ಪಿನಿಯನ್ ತಿರುಗಿದರೆ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗಳಿಗೆ ಹೊಂದಿಕೊಂಡ ಟೈ ರಾಡುಗಳು ಚಕ್ರಗಳನ್ನು ತಿರುಗಿಸುತ್ತವೆ. ಇಷ್ಟೂ ಒಂದು ಕೊಳವೆಯಂಥ ಹೌಸಿಂಗಿನೊಳಗೆ ಕೂತಿರುತ್ತದೆ. ಪವರ್ ಸ್ಟೀರಿಂಗಿನ ಎಣ್ಣೆಯೂ ಅದರೊಳಗೇ ರ‍್ಯಾಕನ್ನು ತಳ್ಳುತ್ತದೆ. ಹೌಸಿಂಗನ್ನು ಚಾಸಿಯ ಅಡ್ಡತೊಲೆಗೆ ಬೋಲ್ಟ್ ಹಾಕಿ ಕೂರಿಸಲಾಗಿದೆ. ಆ ಬೋಲ್ಟಿಗೂ ಹೌಸಿಂಗಿಗೂ ನಡುವೆ ಇರುವುದೇ ಬುಷ್.

ರ‍್ಯಾಕ್ ಟೈ ರಾಡನ್ನು ಎಡಕ್ಕೆ ತಳ್ಳಿದರೆ, ಅಷ್ಟೇ ಬಲದಿಂದ ಹೌಸಿಂಗನ್ನು ಬಲಕ್ಕೆ ತಳ್ಳಲಾಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಯಾವ ಗಾಡಿಗೂ ಇದರಿಂದ ರಿಯಾಯಿತಿ ಇಲ್ಲ. ನಿಂತ ಟ್ರಕ್ಕಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ಟೈರು ಡಾಂಬರಿಗೆ ಉಜ್ಜುತ್ತದೆ, ಆಗ ಈ ಬಲ ನೂರಾರು ಕಿಲೋ ತೂಕದಷ್ಟಾಗುತ್ತದೆ. ಅಷ್ಟನ್ನೂ ತಡೆದು ನಿಲ್ಲಬೇಕಾದದ್ದು ಬುಷ್. ಅದು ಸೋತಿದ್ದರೆ ಆಗುವುದು ಕೆಸರಿನಲ್ಲಿ ನಿಂತು ಹೇರಿದ ಬಂಡಿ ತಳ್ಳುವವನ ಪಾಡು: ಬಂಡಿ ಮುಂದೆ ಹೋಗುವ ಮೊದಲು ಅವನ ಕಾಲು ಹಿಂದೆ ಜಾರುತ್ತದೆ, ಕಾಲಿಗೆ ಗಟ್ಟಿ ನೆಲ ಸಿಕ್ಕಿದ ಮೇಲಷ್ಟೇ ಬಂಡಿ ಕದಲುತ್ತದೆ. ಹೌಸಿಂಗ್ ಜಾರಿ ಲೋಹಕ್ಕೆ ಲೋಹ ತಾಗಿದ ಗಳಿಗೆಯಲ್ಲೇ ಆ ‘ಟಕ್’ ಸದ್ದು ಹುಟ್ಟುವುದು.

ಎಷ್ಟು ಜಾರಿದರೆ ಕೈಗೆ ಗೊತ್ತಾಗುತ್ತದೆ? ಲೆಕ್ಕ ಹಾಕಿ ನೋಡಬಹುದು. ಸ್ಟೀರಿಂಗನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ರ‍್ಯಾಕ್ 50 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಹೌಸಿಂಗ್ 1 ಮಿಲಿಮೀಟರ್ ಜಾರಿದರೆ ಸುತ್ತಿನ ಐವತ್ತನೇ ಒಂದು ಭಾಗ, ಅಂದರೆ 7.2 ಡಿಗ್ರಿ, ವ್ಯರ್ಥವಾಗುತ್ತದೆ. ಸ್ಟೀರಿಂಗ್ ಚಕ್ರದ ವ್ಯಾಸ 38 ಸೆಂಟಿಮೀಟರ್ ಇದ್ದರೆ ಅದರ ಅಂಚಿನಲ್ಲಿ ಕೈ ಸುಮಾರು 24 ಮಿಲಿಮೀಟರ್ ಸುಮ್ಮನೆ ಓಡಾಡಿದಂತಾಯಿತು. ಬುಷ್‌ನ ಬಳಿಯ ಒಂದು ಮಿಲಿಮೀಟರ್ ಅಂಗೈಗೆ ತಲುಪುವಾಗ ಇಪ್ಪತ್ತನಾಲ್ಕಾಗುತ್ತದೆ! ಬಲವನ್ನು ಹಿಗ್ಗಿಸಿಕೊಳ್ಳಲೆಂದು ಹಾಕಿದ ಹಲ್ಲಿನ ಲೆಕ್ಕ ದೋಷವನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ಹೌಸಿಂಗ್ ಎರಡೂ ದಿಕ್ಕಿಗೆ ಜಾರುವಂತಾದರೆ ನಷ್ಟವೂ ಇಮ್ಮಡಿ.

ಕಬ್ಬಿಣದ ನಡುವೆ ರಬ್ಬರ್ ಏಕೆ

ಹಾಗಿದ್ದರೆ ಹೌಸಿಂಗನ್ನು ನೇರವಾಗಿ ಚಾಸಿಗೇ ಬಿಗಿದುಬಿಡಬಹುದಲ್ಲ? ರೇಸ್ ಕಾರುಗಳಲ್ಲಿ ಹಾಗೆ ಮಾಡುವುದುಂಟು. ರಬ್ಬರಿನ ಬದಲು ಅಲ್ಯೂಮಿನಿಯಂ ತುಂಡು ಹಾಕುತ್ತಾರೆ. ದಿನವೂ ಓಡುವ ಗಾಡಿಗೆ ಅದು ಒಗ್ಗದಿರಲು ಕಾರಣಗಳಿವೆ.

ಪಿಕಪ್ಪಿನ ಟೈರಿನ ಸುತ್ತಳತೆ ಸುಮಾರು 2.4 ಮೀಟರ್ ಎನ್ನೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ 11–12 ಸುತ್ತು ಹಾಕುತ್ತದೆ. ಚಕ್ರದ ತೂಕದಲ್ಲಿ ಎಲ್ಲೋ ಒಂದಿಷ್ಟು ಏರುಪೇರಿದ್ದರೂ ಸೆಕೆಂಡಿಗೆ ಅಷ್ಟು ಬಾರಿ ಟೈ ರಾಡನ್ನು ಅದು ಎಳೆದು ನೂಕುತ್ತದೆ. ರಸ್ತೆಯ ಜಲ್ಲಿ, ಸೇತುವೆಯ ಕೀಲು, ಗುಂಡಿ ಎಲ್ಲವೂ ತಮ್ಮ ತಮ್ಮ ಹೊಡೆತವನ್ನು ಸೇರಿಸುತ್ತವೆ. ನಡುವೆ ರಬ್ಬರ್ ಇಲ್ಲದಿದ್ದರೆ ಈ ನಡುಕವೆಲ್ಲ ಒಂದು ಕಡೆ ಚಾಲಕನ ಮೊಣಕೈಗೂ ಇನ್ನೊಂದು ಕಡೆ ಚಾಸಿಗೂ ಹರಿಯುತ್ತದೆ. ಪಿಕಪ್ಪಿನ ಏಣಿಯಾಕಾರದ ಚಾಸಿ ಏರುತಗ್ಗಿನಲ್ಲಿ ತುಸು ತಿರುಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಉದ್ದನೆಯ ಹೌಸಿಂಗನ್ನು ಎರಡು ಕಡೆ ಸಂದಿಲ್ಲದಂತೆ ಬಿಗಿದರೆ ಆ ತಿರುಚು ಹೌಸಿಂಗಿನ ಮೈಮೇಲೇ ಬೀಳುತ್ತದೆ.

ಆದ್ದರಿಂದ ಅಲ್ಲಿ ಮೆದು ಬೇಕು. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನೆ ಬೇಡ. ಇಲ್ಲಿ ರಬ್ಬರಿನ ಒಂದು ವಿಶೇಷ ಗುಣ ಕೆಲಸಕ್ಕೆ ಬರುತ್ತದೆ. ಅದರ ಆಕಾರ ಬದಲಿಸುವುದು ಸುಲಭ, ಗಾತ್ರ ಕುಗ್ಗಿಸುವುದು ಬಹಳ ಕಷ್ಟ; ಎರಡಕ್ಕೂ ಬೇಕಾದ ಬಲದಲ್ಲಿ ಸಾವಿರ ಪಟ್ಟಿನಷ್ಟು ಅಂತರವಿದೆ. ಎಲ್ಲ ಬದಿಯಿಂದಲೂ ಮುಚ್ಚಿದ ಜಾಗದಲ್ಲಿ ರಬ್ಬರನ್ನು ಅದುಮಿದರೆ ಅದು ಹೆಚ್ಚುಕಡಿಮೆ ನೀರಿನಂತೆ ವರ್ತಿಸುತ್ತದೆ, ಹಿಡಿದಷ್ಟು ಜಾಗವನ್ನು ಬಿಟ್ಟುಕೊಡುವುದಿಲ್ಲ. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಇಂಥ ಬುಷ್‌ಗೆ ಅಡ್ಡವಾಗಿ ಒತ್ತಿದರೆ ಒಳಗಿನ ರಬ್ಬರಿಗೆ ಹೊರಳಲು ಜಾಗವಿಲ್ಲ, ಎರಡು ತುದಿಗಳಲ್ಲಿ ತುಸು ಉಬ್ಬಬೇಕಷ್ಟೆ. ಹಾಗಾಗಿ ಅದು ಗಡುಸು. ಅದೇ ಬುಷ್ ಅನ್ನು ತಿರುಚಿದರೆ ರಬ್ಬರ್ ಸಲೀಸಾಗಿ ಬಳುಕುತ್ತದೆ. ಒಂದೇ ವಸ್ತು ಒಂದು ದಿಕ್ಕಿಗೆ ಬಿಗಿ, ಇನ್ನೊಂದಕ್ಕೆ ಸಡಿಲವಲ್ಲದ ಮೆದು. ರಬ್ಬರಿನ ದಪ್ಪ, ಉದ್ದ, ನಡುವೆ ಬಿಟ್ಟ ಖಾಲಿ ಜಾಗ ಇವುಗಳಿಂದಲೇ ವಿನ್ಯಾಸಕಾರರು ಎಷ್ಟು ಬಲಕ್ಕೆ ಎಷ್ಟು ಬಗ್ಗಬೇಕೆಂಬುದನ್ನು ಗೊತ್ತುಮಾಡುತ್ತಾರೆ.

ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡಬಲ ರ‍್ಯಾಕಿನ ಮೂಲಕ ಬುಷ್‌ಗೂ ಮುಟ್ಟುತ್ತದೆ. ಅದು ಬಗ್ಗಿದಷ್ಟು ಮುಂದಿನ ಚಕ್ರದ ಕೋನವೂ ಬದಲಾಗುತ್ತದೆ. ಆ ಬದಲಾವಣೆ ಗಾಡಿಯನ್ನು ಇನ್ನಷ್ಟು ಒಳಕ್ಕೆ ಎಳೆಯದೆ ತುಸು ಹೊರಕ್ಕೆ ಬಿಡುವಂತಿದ್ದರೆ, ವೇಗದಲ್ಲಿ ಹೋಗುವಾಗ ಅದು ಸ್ಥಿರವಾಗಿರುತ್ತದೆ. ಕಾರ್ಖಾನೆಯ ಇಂಜಿನಿಯರುಗಳು ಈ ಬಗ್ಗುವಿಕೆಯನ್ನು ಸೇರಿಸಿಯೇ ಗಾಡಿಯ ನಡತೆಯನ್ನು ರೂಪಿಸಿರುತ್ತಾರೆ. ಒಳ್ಳೆಯ ಬುಷ್ ಬಗ್ಗುತ್ತದೆ. ಆದರೆ ಬಗ್ಗಲು ತೊಡಗಿದ ಮೊದಲ ಕ್ಷಣದಿಂದಲೇ ತಿರುಗಿ ಒತ್ತುತ್ತದೆ. ಬಲ ಹೋದೊಡನೆ ಮೊದಲ ಜಾಗಕ್ಕೆ ಮರಳುತ್ತದೆ. ಸವೆದ ಬುಷ್ ಮೊದಲ ಒಂದೆರಡು ಮಿಲಿಮೀಟರಿನವರೆಗೆ ಏನನ್ನೂ ಒತ್ತುವುದಿಲ್ಲ. ಅಲ್ಲಿ ಬಲವಿಲ್ಲ, ಮರಳುವಿಕೆಯೂ ಇಲ್ಲ. ಮೆದುವಿಗೂ ಸಡಿಲಕ್ಕೂ ಇರುವ ವ್ಯತ್ಯಾಸ ಇಷ್ಟೇ. ಒಂದು ಗಾಡಿ ರಸ್ತೆಯಲ್ಲಿ ನೆಟ್ಟಗೆ ಹೋಗುವುದೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ.

ಮರಳುವ ಗುಣ ಎಲ್ಲಿಂದ ಬಂತು

ರಬ್ಬರ್ ಮರಳುವುದಾದರೂ ಹೇಗೆ? ಈ ಪ್ರಶ್ನೆಗೆ ಮೊದಲ ಸುಳಿವು ಕೊಟ್ಟವನು ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಾಫ್. ಎಳೆತನದಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ರಬ್ಬರಿನ ಪಟ್ಟಿಯನ್ನು ತುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆದರೆ ಅದು ಬೆಚ್ಚಗಾಗುತ್ತದೆ ಎಂಬುದನ್ನು ಅವನು ಗಮನಿಸಿದ. ತೂಕ ಕಟ್ಟಿ ಎಳೆದಿಟ್ಟ ರಬ್ಬರನ್ನು ಕಾಯಿಸಿದರೆ ಅದು ಇನ್ನೂ ಹಿಗ್ಗುವ ಬದಲು ಕುಗ್ಗುತ್ತದೆ ಎಂಬುದನ್ನೂ ಕಂಡ. 1805ರ ಈ ಅವಲೋಕನವನ್ನು ಅರ್ಧ ಶತಮಾನದ ಬಳಿಕ ಜೇಮ್ಸ್ ಜೂಲ್ ನಿಖರವಾಗಿ ಅಳೆದು ದೃಢಪಡಿಸಿದ. ಉಕ್ಕಿನ ಸ್ಪ್ರಿಂಗ್ ಹೀಗೆ ಮಾಡುವುದಿಲ್ಲ.

ಕಾರಣ ಅಣುಗಳಲ್ಲಿದೆ. ರಬ್ಬರ್ ಎಂದರೆ ಐಸೊಪ್ರೀನ್ ಎಂಬ ಪುಟ್ಟ ಘಟಕ ಸಾವಿರಾರು ಸಲ ಕೊಂಡಿ ಹಾಕಿಕೊಂಡ ಉದ್ದುದ್ದ ಸರಪಳಿಗಳ ರಾಶಿ. ಬಿಟ್ಟರೆ ಅವು ಅಂಕುಡೊಂಕಾಗಿ ಮುದುಡಿಕೊಂಡಿರುತ್ತವೆ. ಮುದುಡಿಕೊಳ್ಳಲು ಲೆಕ್ಕವಿಲ್ಲದಷ್ಟು ಬಗೆಗಳಿವೆ, ನೆಟ್ಟಗೆ ನಿಲ್ಲಲು ಕೆಲವೇ ಬಗೆಗಳಿವೆ. ನಾವು ಎಳೆದಾಗ ಸರಪಳಿಗಳನ್ನು ಆ ಕೆಲವೇ ಬಗೆಗಳಿಗೆ ಅಟ್ಟುತ್ತೇವೆ. ಬಿಟ್ಟೊಡನೆ ಉಷ್ಣದ ಕುಣಿತ ಅವನ್ನು ಮತ್ತೆ ಅಂಕುಡೊಂಕಿಗೆ ತರುತ್ತದೆ. ಕಾಯಿಸಿದರೆ ಕುಣಿತ ಹೆಚ್ಚಿ ಎಳೆತವೂ ಹೆಚ್ಚುತ್ತದೆ. ರಬ್ಬರಿನ ಸ್ಥಿತಿಸ್ಥಾಪಕತೆ ಮುಖ್ಯವಾಗಿ ಎಂಟ್ರೊಪಿಯ ಕೊಡುಗೆ. ಟ್ರಕ್ಕಿನ ಹೌಸಿಂಗನ್ನು ಅದರ ಜಾಗಕ್ಕೆ ಮರಳಿಸುವುದು ಅಣುಗಳ ಅಸ್ತವ್ಯಸ್ತತೆಯ ಕಡೆಗಿನ ಒಲವು ಎಂದು ತಿಳಿದಾಗ ನನಗೆ ಆಗುವ ಬೆರಗು ಇವತ್ತಿಗೂ ಕಡಿಮೆಯಾಗಿಲ್ಲ.

ಆದರೆ ಹಸಿ ರಬ್ಬರಿನಲ್ಲಿ ಸರಪಳಿಗಳು ಒಂದರ ಮೇಲೊಂದು ಜಾರಿ ಹೋಗುತ್ತವೆ. ಬಿಸಿಲಿಗೆ ಅದು ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಸುಳ್ಯ, ಪುತ್ತೂರಿನ ಕಡೆ ತೋಟಗಳಲ್ಲಿ ಬೆಳಗಿನ ತಂಪಿನಲ್ಲೇ ಮರಕ್ಕೆ ಕತ್ತಿ ಹಾಕಿ ಹಾಲು ಇಳಿಸುತ್ತಾರೆ. ಆ ಹೊತ್ತಿನಲ್ಲಿ ಮರದೊಳಗಿನ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಹರಿಯುತ್ತದೆ. ಅದಕ್ಕೆ ಆಮ್ಲ ಹಾಕಿ ಗಟ್ಟಿಮಾಡಿ, ರೋಲರಿಗೆ ಕೊಟ್ಟು, ಹೊಗೆಗೂಡಿನಲ್ಲಿ ಒಣಗಿಸಿದ ಶೀಟು ಇನ್ನೂ ಬುಷ್ ಆಗುವ ಯೋಗ್ಯತೆ ಪಡೆದಿರುವುದಿಲ್ಲ. ಆ ಯೋಗ್ಯತೆ ಕೊಡುವುದು ಗಂಧಕ ಮತ್ತು ಬಿಸಿ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ ವಲ್ಕನೀಕರಣದಲ್ಲಿ ಗಂಧಕದ ಪರಮಾಣುಗಳು ಸರಪಳಿಗೂ ಸರಪಳಿಗೂ ಅಲ್ಲಲ್ಲಿ ಸೇತುವೆ ಕಟ್ಟುತ್ತವೆ. ಆಮೇಲೆ ಸರಪಳಿಗಳು ಬಳುಕಬಲ್ಲವು, ಆದರೆ ತಪ್ಪಿಸಿಕೊಂಡು ಹೋಗಲಾರವು. ಇದಕ್ಕೆ ಇಂಗಾಲದ ಕಪ್ಪು ಪುಡಿ ಸೇರಿಸಿದರೆ ಬಲ ಹೆಚ್ಚುತ್ತದೆ. ಜೊತೆಗೆ, ಬಗ್ಗಿ ಮರಳುವಾಗ ಶಕ್ತಿಯ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ. ರಸ್ತೆಯ ನಡುಕ ಅಡಗುವುದು ಹೀಗೆ. ಉಕ್ಕಿನ ಸ್ಪ್ರಿಂಗ್ ಬಗ್ಗಿದರೆ ಕುಣಿಯುತ್ತಲೇ ಇರುತ್ತದೆ. ರಬ್ಬರ್ ಬಗ್ಗಿ, ಮರಳಿ, ಸುಮ್ಮನಾಗುತ್ತದೆ.

ಮುಪ್ಪಿನ ದಾರಿಗಳು

ಇಷ್ಟೆಲ್ಲ ಗುಣ ಕೊಡುವ ಸರಪಳಿಯಲ್ಲೇ ಅದರ ಕೇಡೂ ಅಡಗಿದೆ. ಐಸೊಪ್ರೀನಿನ ಪ್ರತಿ ಘಟಕದಲ್ಲೂ ಇಂಗಾಲದ ಒಂದು ಜೋಡಿಬಂಧ ಉಳಿದಿರುತ್ತದೆ. ಗಾಳಿಯಲ್ಲಿ ಹತ್ತು ಕೋಟಿಗೆ ಕೆಲವು ಅಣುಗಳಷ್ಟೇ ಇರುವ ಓಝೋನ್ ಕೂಡ ಆ ಬಂಧವನ್ನು ಕತ್ತರಿಸಬಲ್ಲದು. ಎಳೆತದಲ್ಲಿರುವ ರಬ್ಬರಿನ ಮೇಲ್ಮೈಯಲ್ಲಿ ಹೀಗೆ ಕತ್ತರಿಸಿದ ಜಾಗ ಬಾಯ್ತೆರೆಯುತ್ತದೆ, ಒಳಗಿನ ಹೊಸ ಪದರ ಗಾಳಿಗೆ ಬೀಳುತ್ತದೆ, ಬಿರುಕು ಆಳಕ್ಕಿಳಿಯುತ್ತದೆ. ಹಳೆಯ ಬುಷ್‌ನ ಅಂಚಿನಲ್ಲಿ ಎಳೆತಕ್ಕೆ ಅಡ್ಡಡ್ಡವಾಗಿ ಕಾಣುವ ಸಣ್ಣ ಸೀಳುಗಳು ಇವೇ.

ಆಮ್ಲಜನಕ ಇದಕ್ಕಿಂತ ನಿಧಾನ, ಆದರೆ ಬಿಡುವುದಿಲ್ಲ. ಅದು ಕೆಲವೆಡೆ ಸರಪಳಿ ಕಡಿಯುತ್ತದೆ, ಕೆಲವೆಡೆ ಹೊಸ ಸೇತುವೆ ಕಟ್ಟುತ್ತದೆ. ಹೀಗಾಗಿ ಹಳೆಯ ರಬ್ಬರ್ ಒಂದು ಕಡೆ ಜಿಗುಟು, ಇನ್ನೊಂದು ಕಡೆ ಬಿರುಸು. ತಾಪಮಾನ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನವಿಜ್ಞಾನಿಗಳ ಕೈಲೆಕ್ಕ. ರ‍್ಯಾಕ್ ಇರುವುದು ಎಂಜಿನ್ನಿನ ಬುಡದಲ್ಲಿ. ಅಲ್ಲಿ ಕೂತ ರಬ್ಬರ್ ಬೇಗ ಮುಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ಶತ್ರು ಎಣ್ಣೆ. ನೈಸರ್ಗಿಕ ರಬ್ಬರೂ ಪೆಟ್ರೋಲಿಯಂ ಎಣ್ಣೆಯೂ ಇಂಗಾಲ-ಜಲಜನಕಗಳ ಸಂತಾನವೇ, ಒಂದಕ್ಕೊಂದು ಬೆರೆಯುವ ಜಾತಿ. ಎಂಜಿನ್ನಿನಿಂದ ಜಿನುಗಿದ ಆಯಿಲ್, ಪವರ್ ಸ್ಟೀರಿಂಗ್ ಪೈಪಿನಿಂದ ಸೋರಿದ ಫ್ಲೂಯಿಡ್ ಬುಷ್ ಮೇಲೆ ಬಿದ್ದರೆ ಎಣ್ಣೆಯ ಅಣುಗಳು ಸರಪಳಿಗಳ ನಡುವೆ ನುಸುಳುತ್ತವೆ. ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಉಗುರಿಗೆ ಕಿತ್ತು ಬರುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ.

ಕೊನೆಯದು ದಣಿವು. ಪ್ರತಿ ತಿರುವೂ ಪ್ರತಿ ಗುಂಡಿಯೂ ಒಂದು ಬಗ್ಗುವಿಕೆ. ಲಕ್ಷಾಂತರ ಬಾರಿ ಬಗ್ಗಿದ ಮೇಲೆ ರಬ್ಬರಿಗೂ ಉಕ್ಕಿನ ಕೊಳವೆಗೂ ನಡುವಿನ ಅಂಟು ಬಿಡುತ್ತದೆ. ಅಂಟು ಬಿಟ್ಟ ದಿನ ಬುಷ್‌ನ ಗುಣವೇ ಬದಲಾಗುತ್ತದೆ. ಅಂದಿನವರೆಗೆ ಬಗ್ಗುತ್ತಿದ್ದದ್ದು ಅಂದಿನಿಂದ ಜಾರುತ್ತದೆ.

ಆ ಜಾರುವಿಕೆ ರಸ್ತೆಯಲ್ಲಿ ಎಷ್ಟು ಅಪಾಯ? ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಗಾಡಿ ಸರಿಯುತ್ತಿದೆ ಎಂದು ಕಣ್ಣಿಗೆ ತಿಳಿದು, ಕೈ ತಿರುಗುವಷ್ಟರಲ್ಲಿ ಅರ್ಧ ಸೆಕೆಂಡು ಹೋದರೂ 14 ಮೀಟರ್ ಕಳೆದಿರುತ್ತದೆ. ಅದರ ಮೇಲೆ ಸ್ಟೀರಿಂಗಿನ ಮೊದಲ ಕೆಲವು ಡಿಗ್ರಿ ಏನೂ ಮಾಡುವುದಿಲ್ಲ. ಚಾಲಕ ಇನ್ನಷ್ಟು ತಿರುಗಿಸುತ್ತಾನೆ, ಸಂದು ಮುಗಿದೊಡನೆ ತಿರುವು ಒಮ್ಮೆಗೇ ಬರುತ್ತದೆ, ಹೆಚ್ಚಾಯಿತೆಂದು ಹಿಂದಕ್ಕೆ ತಿರುಗಿಸುತ್ತಾನೆ, ಅಲ್ಲೂ ಅದೇ ಸಂದು. ಹೀಗೆ ಗಾಡಿ ಅತ್ತಿಂದಿತ್ತ ತೂಗಾಡತೊಡಗುತ್ತದೆ. ವಿಳಂಬವೂ ಸಂದೂ ಒಂದೇ ಸರಪಣಿಯಲ್ಲಿ ಸೇರಿದರೆ ಯಾವ ನಿಯಂತ್ರಣ ವ್ಯವಸ್ಥೆಯೂ ತೂಗಾಡುತ್ತದೆ ಎಂಬುದು ಇಂಜಿನಿಯರಿಂಗ್ ಓದಿದವರಿಗೆ ಪರಿಚಿತ ಪಾಠ. ಇಲ್ಲಿ ಆ ವ್ಯವಸ್ಥೆಯ ಒಂದು ಭಾಗ ಮನುಷ್ಯ. ದೂರದ ಪ್ರಯಾಣದಲ್ಲಿ ಅವನಿಗೆ ಬರುವ ಭುಜದ ನೋವಿಗೂ ಕಣ್ಣಿನ ಆಯಾಸಕ್ಕೂ ಎರಡು ಮಿಲಿಮೀಟರ್ ರಬ್ಬರ್ ಕಾರಣವಾಗಿರಬಹುದು.

ಕಣ್ಣಿಗೆ ಕಾಣುವ ಪರೀಕ್ಷೆ

ಗುರುತಿಸುವುದಕ್ಕೆ ಯಂತ್ರ ಬೇಡ, ಇಬ್ಬರು ಬೇಕು. ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಇಡಬೇಕು. ಟೈರುಗಳು ನೆಲದ ಮೇಲೇ ಇರಬೇಕು, ಎಂಜಿನ್ ಓಡುತ್ತಿರಬೇಕು. ಟೈರು ನೆಲವನ್ನು ಹಿಡಿದಿದ್ದರೆ ಮಾತ್ರ ಬುಷ್ ಮೇಲೆ ನಿಜವಾದ ಬಲ ಬೀಳುತ್ತದೆ. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಒಂದಿಷ್ಟೇ ತಿರುಗಿಸುತ್ತಿರಲಿ. ಇನ್ನೊಬ್ಬರು ಕೈಯನ್ನು ದೂರವಿಟ್ಟು, ಟಾರ್ಚ್ ಹಿಡಿದು ಹೌಸಿಂಗ್ ಮತ್ತು ಅಡ್ಡತೊಲೆ ಸೇರುವ ಜಾಗವನ್ನು ನೋಡಲಿ. ಒಳ್ಳೆಯ ಬುಷ್ ಇದ್ದರೆ ಹೌಸಿಂಗ್ ಬೆರಳು ಅದುಮಿದ ಚರ್ಮದಷ್ಟೇ ಕದಲಿ ನಿಲ್ಲುತ್ತದೆ. ಸವೆದಿದ್ದರೆ ಚಕ್ರಕ್ಕಿಂತ ಮೊದಲು ಹೌಸಿಂಗೇ ಪಕ್ಕಕ್ಕೆ ಹೋಗಿ ಬಡಿಯುವುದು ಕಣ್ಣಿಗೇ ಕಾಣುತ್ತದೆ.

ಹೌಸಿಂಗ್ ಕದಲದಿದ್ದರೆ ತಪ್ಪು ಬೇರೆ ಕಡೆ ಇದೆ. ಟೈ ರಾಡ್ ತುದಿಯ ಕೀಲು, ಬಾಲ್ ಜಾಯಿಂಟ್, ಚಕ್ರದ ಬೇರಿಂಗ್, ಸ್ಟೀರಿಂಗ್ ಕಂಬದ ನಡುವಿನ ಜಾಯಿಂಟ್ ಇವೂ ಇದೇ ಬಗೆಯ ದೂರು ಹುಟ್ಟಿಸುತ್ತವೆ. ಇವುಗಳಲ್ಲಿ ಬಾಲ್ ಜಾಯಿಂಟನ್ನು ಯಾವತ್ತೂ ಕಡೆಗಣಿಸಬಾರದು, ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಈ ಟಕೋಮಾದ ಕೆಲವು ವರ್ಷಗಳ ಗಾಡಿಗಳನ್ನು ಮುಂದಿನ ಬಾಲ್ ಜಾಯಿಂಟಿಗಾಗಿಯೇ 2005ರಲ್ಲಿ ಕಂಪನಿ ವಾಪಸ್ ಕರೆಸಿ ಪರಿಶೀಲಿಸಿತ್ತು. ಬುಷ್ ಸದ್ದು ಎಂದುಕೊಂಡು ಬಾಲ್ ಜಾಯಿಂಟಿನ ಸದ್ದನ್ನು ಸಹಿಸಿಕೊಳ್ಳುವುದು ಜೀವಕ್ಕೆ ಕುತ್ತು.

ಬಿಚ್ಚುವುದು, ಕೂರಿಸುವುದು

ಈಗ ಕೆಲಸ. ಪ್ರತಿ ಹೆಜ್ಜೆಯ ಹಿಂದೆಯೂ ಒಂದು ಕಾರಣವಿದೆ, ಆ ಕಾರಣ ತಿಳಿದವರ ಕೈ ತಪ್ಪುವುದು ಕಡಿಮೆ.

ಮುಂಭಾಗವನ್ನು ಎತ್ತಿ ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಡಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಚಕ್ರಗಳು ನೇರವಾಗಿರುವಾಗಲೇ ಸ್ಟೀರಿಂಗನ್ನು ಅಲುಗದಂತೆ ಲಾಕ್ ಮಾಡಬೇಕು. ಕಂಬದ ಜಾಯಿಂಟನ್ನು ಬಿಚ್ಚುವುದಾದರೆ ಎರಡೂ ತುಂಡುಗಳ ಮೇಲೆ ಬಣ್ಣದ ಗೆರೆ ಎಳೆದಿಟ್ಟುಕೊಳ್ಳಬೇಕು. ಏರ್‌ಬ್ಯಾಗ್ ಇರುವ ಗಾಡಿಯ ಸ್ಟೀರಿಂಗಿನೊಳಗೆ ಸುರುಳಿ ಸುತ್ತಿದ ತೆಳುವಾದ ಕೇಬಲ್ ಇರುತ್ತದೆ. ಕೆಳಗಿನ ಕೊಂಡಿ ಕಳಚಿದ್ದಾಗ ಸ್ಟೀರಿಂಗ್ ಬೇಕಾಬಿಟ್ಟಿ ತಿರುಗಿದರೆ ಅದು ಹರಿದುಹೋಗುತ್ತದೆ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಈ ಬೋಲ್ಟುಗಳು ತುಕ್ಕು ಹಿಡಿದು ಬುಷ್‌ನ ಒಳಕೊಳವೆಗೇ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿಟ್ಟರೆ ಅದು ಕೂದಲೆಳೆಯ ಸಂದಿನೊಳಗೆ ತಾನಾಗಿ ಹರಿಯುತ್ತದೆ. ಬೋಲ್ಟು ಬಿಚ್ಚಿದ ಮೇಲೆ ರ‍್ಯಾಕನ್ನು ಜೋತುಬೀಳಲು ಬಿಡದೆ ಆಧಾರ ಕೊಡಬೇಕು, ಇಲ್ಲದಿದ್ದರೆ ಅದರ ಭಾರವೆಲ್ಲ ಎಣ್ಣೆಯ ಪೈಪುಗಳ ಮೇಲೆ ಬೀಳುತ್ತದೆ.

ಬುಷ್‌ಗಳು ಎರಡು ಬಗೆ. ಹೌಸಿಂಗನ್ನು ಸುತ್ತಲೂ ತಬ್ಬಿ, ಮೇಲೆ ಬ್ರಾಕೆಟ್ ಬಿಗಿದಿರುವ ಸೀಳು ಬುಷ್ ಸುಲಭ: ಬ್ರಾಕೆಟ್ ತೆಗೆದರೆ ಕೈಗೇ ಬರುತ್ತದೆ. ಹೌಸಿಂಗಿನ ಕಿವಿಯೊಳಗೆ ಒತ್ತಿ ಕೂರಿಸಿದ ಗುಂಡನೆಯ ಬುಷ್‌ಗೆ ತಾಳ್ಮೆ ಬೇಕು. ಹೌಸಿಂಗ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಎರಕದ್ದು. ಸುತ್ತಿಗೆಯ ಪೆಟ್ಟನ್ನು ಉಕ್ಕು ಬಾಗಿ ತಾಳಿಕೊಳ್ಳಬಹುದು, ಎರಕದ ಕಿವಿ ಸೀಳುತ್ತದೆ. ಆದ್ದರಿಂದ ಉದ್ದನೆಯ ಮರೆಬೋಲ್ಟ್ (ಮರೆ ಎಂದರೆ ತಿರುಪಿನ ಸುತ್ತುಗೆರೆ), ದಪ್ಪ ವಾಷರ್, ಬುಷ್‌ಗಿಂತ ತುಸು ಅಗಲದ ಕೊಳವೆತುಂಡು ಇವನ್ನು ಜೋಡಿಸಿ ನಟ್ಟನ್ನು ನಿಧಾನವಾಗಿ ತಿರುಗಿಸುತ್ತ ಎಳೆದು ತೆಗೆಯುವುದು ಕ್ಷೇಮ. ಮರೆಯ ಇಳಿಜಾರು ಕೈಯ ತಿರುಚನ್ನು ಟನ್ನುಗಟ್ಟಲೆ ನೇರ ಎಳೆತವಾಗಿ ಬದಲಿಸುತ್ತದೆ, ಪೆಟ್ಟು ಎಲ್ಲೂ ಬೀಳುವುದಿಲ್ಲ. ಬಾರದೇ ಹೋದರೆ ರಬ್ಬರನ್ನು ಡ್ರಿಲ್ಲಿನಿಂದ ಕೊರೆದು, ಉಳಿದ ಹೊರಕೊಳವೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದಲೇ ಕುಯ್ಯಬಹುದು. ಬ್ಲೇಡು ಹೌಸಿಂಗಿಗೆ ತಾಗದಂತೆ ಎಚ್ಚರ ಬೇಕು. ಬೆಂಕಿಯಿಂದ ಸುಡುವವರೂ ಇದ್ದಾರೆ. ಆ ಹೊಗೆ ವಿಷ, ಆ ಶಾಖ ರ‍್ಯಾಕಿನೊಳಗಿನ ಸೀಲುಗಳನ್ನು ಹಾಳುಮಾಡುತ್ತದೆ. ಆ ದಾರಿ ಬೇಡ.

ಕಿವಿಯ ಒಳಮೈಯನ್ನು ಒರೆಸಿ, ತುಕ್ಕಿನ ಪುಡಿ ತೆಗೆದು, ಹೊಸ ಬುಷ್ ಅನ್ನು ಅದೇ ಮರೆಬೋಲ್ಟಿನಿಂದ ನೆಟ್ಟಗೆ ಎಳೆದು ಕೂರಿಸಬೇಕು. ಸೀಳು ಬುಷ್ ಸಲೀಸಾಗಿ ಜಾರಲು ಸೋಪಿನ ನೀರು ಸಾಕು, ಕೆಲಸ ಮುಗಿದ ಮೇಲೆ ಅದು ಒಣಗಿಹೋಗುತ್ತದೆ. ಸಾಮಾನ್ಯ ಗ್ರೀಸ್ ಮುಟ್ಟಿಸಬಾರದು. ಪೆಟ್ರೋಲಿಯಂ ರಬ್ಬರಿಗೆ ಏನು ಮಾಡುತ್ತದೆಂದು ಆಗಲೇ ನೋಡಿದೆವು.

ಇನ್ನು ಬಿಗಿಯುವುದು. ಬೋಲ್ಟ್ ಒಂದು ಗೂಟವೆಂದೂ ಹೌಸಿಂಗ್ ಅದಕ್ಕೆ ತಗುಲಿ ನಿಲ್ಲುತ್ತದೆಂದೂ ಹಲವರ ಭಾವನೆ. ನಿಜಕ್ಕೂ ಬೋಲ್ಟ್ ಒಂದು ಗಡುಸಾದ ಸ್ಪ್ರಿಂಗ್. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಮರಳಲು ಹವಣಿಸುತ್ತ ಬುಷ್‌ನ ಒಳಕೊಳವೆಯನ್ನು ಅಡ್ಡತೊಲೆಗೆ ಒತ್ತಿ ಹಿಡಿಯುತ್ತದೆ. ಆ ಒತ್ತುವಿಕೆಯಿಂದ ಹುಟ್ಟುವ ಘರ್ಷಣೆಯೇ ಕೊಳವೆಯನ್ನು ನಿಲ್ಲಿಸುವುದು. ಬಿಗಿತ ಕಡಿಮೆಯಾದರೆ ಹೊಚ್ಚ ಹೊಸ ಬುಷ್ ಇದ್ದರೂ ಕೊಳವೆ ಜಾರಿ ಅದೇ ‘ಟಕ್’ ಸದ್ದು ಕೇಳುತ್ತದೆ. ಹೆಚ್ಚಾದರೆ ಬೋಲ್ಟ್ ಮರಳದಷ್ಟು ಹಿಗ್ಗಿ ಸೋಲುತ್ತದೆ. ಆದ್ದರಿಂದ ಸರ್ವಿಸ್ ಮ್ಯಾನುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೊನೆಗೆ ಗಾಡಿ ಇಳಿಸಿ, ಇಬ್ಬರೂ ಸೇರಿ ಮೊದಲಿನ ಪರೀಕ್ಷೆಯನ್ನು ಮತ್ತೆ ಮಾಡಿ, ಚಕ್ರಗಳ ಅಲೈನ್‌ಮೆಂಟ್ ನೋಡಿಸಬೇಕು. ರ‍್ಯಾಕಿನ ಜಾಗ ಒಂದೆರಡು ಮಿಲಿಮೀಟರ್ ಬದಲಾಗಿದ್ದರೂ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ.

ರಬ್ಬರೋ ಪಾಲಿಯುರೆಥೇನೋ

ಹೊಸ ಬುಷ್ ಕೊಳ್ಳುವಾಗ ಒಂದು ಆಯ್ಕೆ ಎದುರಾಗುತ್ತದೆ. ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ರೂಪಿಸಿದ ಪಾಲಿಯುರೆಥೇನ್ ಇಂದು ಕೆಂಪು, ಕಪ್ಪು ಬಣ್ಣಗಳ ಬುಷ್ ಆಗಿ ಸಿಗುತ್ತದೆ. ಅದರ ಸರಪಳಿಯಲ್ಲಿ ಗಡುಸು ತುಂಡು ಮತ್ತು ಮೆದು ತುಂಡು ಒಂದಾದ ಮೇಲೊಂದು ಬರುತ್ತವೆ. ಗಡುಸು ತುಂಡುಗಳು ಒಟ್ಟುಗೂಡಿ ಗಂಟುಗಳಾಗಿ ಬಲ ಕೊಡುತ್ತವೆ, ಮೆದು ತುಂಡುಗಳು ಬಳುಕುತ್ತವೆ. ಗಡುಸುತನ ಅಳೆಯುವ ಶೋರ್ ಎ ಮಾನದಲ್ಲಿ ರಬ್ಬರ್ ಬುಷ್‌ಗಳು ಸಾಮಾನ್ಯವಾಗಿ 50ರಿಂದ 70ರ ನಡುವೆ ಇದ್ದರೆ ಪಾಲಿಯುರೆಥೇನಿನವು 80ರಿಂದ 95ರ ಆಸುಪಾಸು. ಎಣ್ಣೆಗೂ ಓಝೋನಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಎರಡು ಹೋಳುಗಳಾಗಿ ಬರುವುದರಿಂದ ಕೈಯಲ್ಲೇ ಕೂರಿಸಬಹುದು. ಹಾಕಿದ ಮೇಲೆ ಸ್ಟೀರಿಂಗ್ ಚುರುಕಾಗುತ್ತದೆ.

ಆದರೆ ಅದು ಉಕ್ಕಿನ ಕೊಳವೆಗೆ ಅಂಟಿಕೊಂಡಿರುವುದಿಲ್ಲ, ಅದರ ಮೇಲೆ ಉಜ್ಜುತ್ತದೆ. ಸಿಲಿಕೋನ್ ಗ್ರೀಸ್ ಸವರದಿದ್ದರೆ ಕಿರುಗುಟ್ಟುತ್ತದೆ. ರಸ್ತೆಯ ನಡುಕವನ್ನು ರಬ್ಬರಿನಷ್ಟು ನುಂಗುವುದೂ ಇಲ್ಲ. ಭಾರ ಹೇರಿಕೊಂಡು, ದೊಡ್ಡ ಟೈರು ಹಾಕಿಕೊಂಡು ಕಲ್ಲುದಾರಿಯಲ್ಲಿ ಏರುವ ಗಾಡಿಗೆ ಈ ಬದಲಾವಣೆ ಲಾಭದ್ದು. ದಿನವೂ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಗಾಡಿಗೆ ಕಾರ್ಖಾನೆಯದೇ ರಬ್ಬರ್ ಬುಷ್ ಹಾಕುವುದು ಜಾಣತನ ಎಂದು ನಾನು ನಂಬುತ್ತೇನೆ. ಆ ಮೆದುತನವನ್ನು ಅಲ್ಲಿಟ್ಟವರು ಟೈರು, ಸಸ್ಪೆನ್ಷನ್, ಚಾಸಿ ಎಲ್ಲವನ್ನೂ ಒಟ್ಟಿಗೆ ನೋಡಿ ಇಟ್ಟಿದ್ದರು.

ಸವೆದ ಬುಷ್‌ನ ಜೊತೆ ಹೊಸ ಪಾಲಿಯುರೆಥೇನನ್ನು ಹೋಲಿಸಿ ‘ಗಟ್ಟಿಯೇ ಮೇಲು’ ಎಂದು ತೀರ್ಮಾನಿಸುವುದು ಈ ವಿಷಯದಲ್ಲಿ ಜನ ಮಾಡುವ ದೊಡ್ಡ ತಪ್ಪು. ಹೋಲಿಸಬೇಕಾದದ್ದು ಹೊಸ ರಬ್ಬರಿನ ಜೊತೆ. ಹಳೆಯ ಬುಷ್ ತೋರಿಸುತ್ತಿದ್ದದ್ದು ಸಡಿಲತನದ ಕೇಡನ್ನು. ಮೆದುತನದ ಮೇಲೆ ಅದು ಯಾವ ದೂರನ್ನೂ ಹೊರಿಸಿರಲಿಲ್ಲ. ಎಂಜಿನ್ ಆಯಿಲಿಗೆ ಕಿಲೋಮೀಟರ್ ಲೆಕ್ಕ ಇಡುವ ನಾವು ರಬ್ಬರಿಗೆ ವರ್ಷದ ಲೆಕ್ಕ ಇಡುವುದಿಲ್ಲ. ಅದು ನಿಂತ ಗಾಡಿಯಲ್ಲೂ ಮುಪ್ಪಾಗುತ್ತದೆ, ಓಝೋನಿಗೂ ಆಮ್ಲಜನಕಕ್ಕೂ ಓಡೋಮೀಟರ್ ಗೊತ್ತಿಲ್ಲ. ಹತ್ತು ಹದಿನೈದು ವರ್ಷ ದಾಟಿದ ಯಾವ ಗಾಡಿ ನಿಮ್ಮಲ್ಲಿದ್ದರೂ, ಮುಂದಿನ ಸರ್ವಿಸಿನಲ್ಲಿ ಅದರ ಕೆಳಗೊಮ್ಮೆ ಟಾರ್ಚ್ ಹಾಯಿಸಿ, ಒಬ್ಬರಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ. ಐದು ನಿಮಿಷದಲ್ಲಿ ಹೌಸಿಂಗ್ ತಾನೇ ಉತ್ತರ ಕೊಡುತ್ತದೆ.